ನೀಲಿ ಅಂಚಿನ ಬಟ್ಟಲು

ಸಾಂತೊ ದೊಮಿಂಗೊ,
ಒಸಾಮಾ ನದಿಯ ದೋಣಿಕಟ್ಟೆಯಿಂದ,
ಪವಿತ್ರ ಶನಿವಾರ, ಊಟವಾದ ಮೇಲೆ

ಮುದ್ದು ಮಗಳು ಮಿಗ್ದಾಲಿಯಾಗೆ,

ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹೇಳಿದಂತೆ ಎಡಮಗ್ಗುಲಾಗಿಯೇ ಮಲಗುತ್ತಿದ್ದೀಯೋ ಅಥವಾ ಎಫ್ರಾಯಿನ್ ಕೆಲಸಕ್ಕೆ ಹೊರಟ ತಕ್ಷಣ ಎದ್ದು ಅಡುಗೆಮನೆಯ ಕಪಾಟು ಒರೆಸುತ್ತಿದ್ದೀಯೋ? ನಿನ್ನನ್ನು ಹೊತ್ತಿದ್ದಾಗ ನಿಮ್ಮಮ್ಮ ಏಳನೇ ತಿಂಗಳಲ್ಲಿ ದೋಟಿ ಹಿಡಿದು ಮಾವಿನಕಾಯಿ ಕೀಳುತ್ತಿದ್ದಳು. ನಾನು ಕೂಗಾಡಿದರೆ 'ಮರ ಬಗ್ಗಲ್ಲ, ನಾನೇ ಕೈ ಚಾಚ್ಬೇಕು' ಎನ್ನುತ್ತಿದ್ದಳು. ಅದೇ ರಕ್ತ ನಿನ್ನದು, ಅದಕ್ಕೇ ನನಗೆ ಹೆದರಿಕೆ. ಅವಳಿಗೆ ಯಾವ ಡಾಕ್ಟರೂ ಹಾಸಿಗೆ ಬಿಟ್ಟು ಏಳಬೇಡ ಎಂದಿರಲಿಲ್ಲ, ನಿನಗೆ ಎಂದಿದ್ದಾರೆ. ಮಲಗಿರು. ಹೊಟ್ಟೆಯಲ್ಲಿ ಏನಾದರೂ ನಿಲ್ಲುತ್ತಿದೆಯೇ? ಬಿಸ್ಕತ್ತು, ಬಾಳೆಹಣ್ಣು, ಏನಾದರೂ? ಫೋನ್ ಮಾಡಿ ಕೇಳಬಹುದಿತ್ತಲ್ಲ ಪಪ್ಪಾ ಎನ್ನುತ್ತೀ. ಫೋನಿನಲ್ಲಿ ನೀನು ಅಳುತ್ತೀ, ನಾನು ಏನು ಹೇಳಬೇಕೆಂದು ತೋಚದೆ ಇವತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುತ್ತೇನೆ. ಅದಕ್ಕೇ ಕಾಗದ. ಇಲ್ಲಿ ನಮ್ಮ ಕಟ್ಟೆಯ ಪಕ್ಕದಲ್ಲೇ ನಮ್ಮ ದ್ವೀಪದ ಮಯಾಗ್ವೆಸ್‌ಗೆ ಹೋಗುವ ದೊಡ್ಡ ಹಡಗು ನಿಂತಿದೆ, ಸಂಜೆಗೆ ಹೊರಡುತ್ತದೆ. ಹತ್ತುವವರಲ್ಲಿ ಯಾರ ಮುಖ ಒಳ್ಳೆಯದಾಗಿ ಕಾಣುತ್ತದೋ ಅವರ ಕೈಗೆ ಕಾಗದ ಕೊಡುವುದು ಇಲ್ಲಿನ ರೂಢಿ. ನಾವು ಗಾಳಿಗೆ ಎದುರಾಗಿ ತಡವರಿಸಿಕೊಂಡು ಮನೆ ಮುಟ್ಟುವುದಕ್ಕೆ ಎಷ್ಟೋ ಮೊದಲೇ ಇದು ನಿನ್ನ ದಿಂಬಿನ ಪಕ್ಕ ಇರುತ್ತದೆ.

ನೀನು ನನ್ನ ಮೇಲೆ ಮುನಿಸಿಕೊಂಡಿದ್ದೀಯೆಂದು ಗೊತ್ತು. ಹೊರಡುವ ಮುನ್ನ ಪೊನ್ಸೆಗೆ ನಿನ್ನನ್ನು ನೋಡಲು ಬಂದಾಗ 'ಹೋಗಿ ಪಪ್ಪಾ, ಹೋಗಿ, ಯಾಟ್‌ನಲ್ಲಿ ಕಾಲು ಚಾಚಿ ರಜೆ ಕಳೀರಿ, ನಾನಿಲ್ಲಿ ಚಾವಣಿ ನೋಡ್ಕೊಂಡ್ ಬಿದ್ದಿರ್ತೀನಿ' ಎಂದೆಯಲ್ಲ, ಆ ಮಾತು ಸಮುದ್ರದುದ್ದಕ್ಕೂ ಕಿವಿಯಲ್ಲಿತ್ತು. ನಾನು ಆಗ ನಿಜ ಹೇಳಲಿಲ್ಲ. ಹೇಳಿ, ಆಮೇಲೆ ಕೆಲಸ ಕೈಗೂಡದೆ ಹೋಗಿದ್ದರೆ ನಿನಗೆ ಎರಡು ಸಲ ನಿರಾಸೆಯಾಗುತ್ತಿತ್ತು. ಈಗ ಹೇಳುತ್ತೇನೆ ಕೇಳು. ತಪಸ್ಸು ಕಾಲ ಶುರುವಾದ ವಾರ ನೀನು ಫೋನಿನಲ್ಲಿ 'ಮಮ್ಮ ಮಾಡ್ತಿದ್ದ ಸಿಹಿಕಾಳು ಬೇಕು ಪಪ್ಪಾ, ಬೇರೇನೂ ಸೇರಲ್ಲ' ಎಂದು ಅತ್ತುಬಿಟ್ಟೆ. ನಿನ್ನ ಅತ್ತೆ ಪಾಪ ಡಬ್ಬದ ಕಾಳು ಬೇಯಿಸಿ, ಸಕ್ಕರೆ ಸುರಿದು ತಂದುಕೊಟ್ಟರಂತೆ. ನೀನು ಒಂದು ಚಮಚ ಬಾಯಿಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಮೈಮೇಲೆ ಅದೇ ಆಕಾರದ ಮಚ್ಚೆ ಮೂಡುತ್ತದೆ ಎಂದು ನಮ್ಮ ಸಲಿನಾಸ್‌ನ ಹೆಂಗಸರು ಬಾಯಿ ಬಡಿದುಕೊಂಡರು. ಕಾಳಿನಷ್ಟು ಮಚ್ಚೆಯಾದರೆ ಆಗಲಿ ಬಿಡು, ಕೆನ್ನೆಯ ಮೇಲಾದರೆ ಚೆಂದವೇ. ನನ್ನ ಚಿಂತೆ ಮಚ್ಚೆಯದಲ್ಲ. ಹೆರಿಗೆಯಾದ ಮೇಲೆ ನಿನ್ನ ತಲೆಗೆ ಬಟ್ಟೆ ಕಟ್ಟುವವರು ಯಾರು, ಕೋಳಿಸಾರು ಕಾಯಿಸಿ ಕೊಡುವವರು ಯಾರು, ಮಗು ಅತ್ತಾಗ ಇದು ಹಸಿವಿನ ಅಳು, ಇದು ಹೊಟ್ಟೆನೋವಿನ ಅಳು ಎಂದು ಬಿಡಿಸಿ ಹೇಳುವವರು ಯಾರು? ನಿನ್ನ ಅತ್ತೆಗೆ ಅಂಗಡಿ ಬಿಟ್ಟು ಬರಲಾಗದು. ನನಗೆ ಹಾಯಿ ಹೊಲಿಯಲು ಬರುತ್ತದೆ, ಬಾಣಂತನ ಮಾಡಲು ಬರುವುದಿಲ್ಲ. ನಿಮ್ಮಮ್ಮ ಕಾಸಿಲ್ದಾ ಇದ್ದಿದ್ದರೆ ಈ ಪ್ರಶ್ನೆಯೇ ಇರಲಿಲ್ಲ. ಅವಳಿಲ್ಲದ ಮೇಲೆ ಅವಳ ಕೈಯ ರುಚಿ, ಅವಳ ಕೈಯ ಗುಣ ಇನ್ನೊಬ್ಬಳಲ್ಲಿ ಮಾತ್ರ ಇದೆ. ಅವಳ ಅಕ್ಕ, ಇಲ್ಲಿ ತವರೂರಿನಲ್ಲೇ ಉಳಿದ ನಿನ್ನ ವಿಂದಾ ದೊಡ್ಡಮ್ಮ. ಆಕೆಯೋ ಹೋದ ವರ್ಷದ ಪವಿತ್ರ ವಾರದಿಂದೀಚೆಗೆ ನಮ್ಮ ಫೋನನ್ನೇ ಎತ್ತುತ್ತಿಲ್ಲ. ಯಾಕೆಂದು ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿಲ್ಲ. ಎದುರಿಗೆ ಹೋಗಿ ನಿಂತು ಕೇಳಿ, ಸಾಧ್ಯವಾದರೆ ಕರೆದುಕೊಂಡೇ ಬರಬೇಕು ಎಂದು ಹೊರಟವನು ನಾನು. ರಜೆ ಎಂಬುದು ನನ್ನ ಗೆಳೆಯ ಮೊಂಚೊನದು, ನಾನು ಅದರ ಬಾಲ ಹಿಡಿದವನು.

ಮೊಂಚೊ ಹೊರಡುವ ಮೊದಲು ವಿಂದಕ್ಕನ ಪಕ್ಕದ ಮನೆಯ ಚೆಪಾಗೆ ಫೋನ್ ಮಾಡಿ ಸಮಾಚಾರ ತಿಳಿದುಕೊಂಡಿದ್ದ. ನನ್ನ ಕಿವಿ ಫೋನಿಗೆ ಆಗಿಬರುವುದಿಲ್ಲವೆಂದು ಅವನೇ ಮಾತಾಡಿದ್ದು. ಮಾತಾಡಿ ಬಂದವನ ಮುಖ ಅರಳಿತ್ತು. 'ಕೊಂಪಾದ್ರೆ, ಚಿಂತೆ ಬಿಡು. ನಿನ್ನ ಹೆಂಡ್ತಿ ಅಕ್ಕ ತುಂಬಾ ಲಕ್ಷಣವಾಗಿದಾಳಂತೆ. ನಿನ್ನ ಹೆಸರು ಹೇಳಿದ್ರೆ ಸಾಕು, ಇನ್ನೂ ಲಕ್ಷಣವಾಗ್ತಾಳಂತೆ' ಎಂದ. ನನಗೂ ವಿಚಿತ್ರವೆನಿಸಿತು. ಎಪ್ಪತ್ತು ದಾಟಿದ ಹೆಂಗಸು ನನ್ನ ಹೆಸರು ಕೇಳಿ ಲಕ್ಷಣವಾಗುವುದೆಂದರೇನು? ಆದರೂ ಮನಸ್ಸಿಗೆ ಹಿತವಾಯಿತು. ಮುನಿಸಿಲ್ಲ, ಫೋನು ಕೆಟ್ಟಿರಬೇಕು ಅಂದುಕೊಂಡೆ. ಒಳ್ಳೆಯ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಪೆಟ್ಟಿಗೆಯ ಮೇಲ್ಗಡೆ ಇಟ್ಟುಕೊಂಡೆ.

ಮೊಂಚೊನ ದೋಣಿ ನೀನು ನೋಡಿಲ್ಲ. ಯಾರೋ ಅಮೆರಿಕದವನು ಮಂಡಿ ನೋವೆಂದು ಮಾರಿ ಹೋದದ್ದು. ಹಿಂಭಾಗದಲ್ಲಿ 'ಸೆಕೆಂಡ್ ವಿಂಡ್' ಎಂದು ಬರೆದಿದೆ. ಹೆಸರು ಬದಲಿಸಿದರೆ ದೋಣಿಗೆ ಆಗಿಬರುವುದಿಲ್ಲವೆಂದು ಮೊಂಚೊ ಹಾಗೇ ಬಿಟ್ಟಿದ್ದಾನೆ. ಅರ್ಥ ಹೇಳು ಎಂದು ನನ್ನನ್ನು ಪೀಡಿಸಿದ, ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಅಲ್ಲವೇ. ಮಿಸ್ ಆಪಲ್‌ಗೇಟ್ ಕಲಿಸಿದ ಇಂಗ್ಲಿಷನ್ನೆಲ್ಲ ಕಲಕಿ ನೋಡಿದೆ. ಮೊದಲ ಗಾಳಿ ನಿಂತುಹೋದ ಮೇಲೆ ಬರುವ ಎರಡನೆಯ ಗಾಳಿ ಎಂದೆ. ಅವನ ಹೆಂಡತಿ ಇಲುಮಿನಾದಾ ಒಲೆಯ ಮುಂದಿನಿಂದಲೇ 'ಮೊದಲನೇದಕ್ಕೇ ನಂಗೆ ವಾಂತಿ ಬಂದಿದೆ, ಎರಡನೇದನ್ನ ನೀವಿಬ್ರೇ ಇಟ್ಕೊಳಿ' ಎಂದಳು. ಎರಡು ದ್ವೀಪಗಳ ನಡುವಣ ಆ ಕಡಲು ಹೇಗಿರುತ್ತದೆಂದು ನಿನಗೆ ಗೊತ್ತಲ್ಲ. ಬೆನ್ನ ಹಿಂದೆ ಗಾಳಿಯಿದ್ದರೂ ಅಲೆ ಮಾತ್ರ ಯಾವ ಕಡೆಯಿಂದ ಬರುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಗಂಡಹೆಂಡತಿ ಜಗಳವಾಡುತ್ತಲೇ ಇದ್ದರು, ನಕ್ಷೆಯ ಮೇಲೆ ಕಾಫಿ ಚೆಲ್ಲಿದ್ದು ಯಾರು, ಟೋಪಿ ನೀರಿಗೆ ಬಿದ್ದದ್ದು ಯಾರಿಂದ ಅಂತ. ನಾನು ಚುಕ್ಕಾಣಿ ಹಿಡಿದು ಕೂತು ಅವರ ಜಗಳ ಕೇಳುತ್ತಾ ಸುಖವಾಗಿದ್ದೆ. ಮನೆಯಲ್ಲಿ ಒಬ್ಬನೇ ಇದ್ದೂ ಇದ್ದೂ, ಜಗಳದ ಸದ್ದಿಗಾಗಿ ಕಿವಿ ಹಸಿದಿರುತ್ತದೆ ಮಗಳೇ. ಈ ಮಾತು ಹಾಗಿರಲಿ.

ಶುಭ ಶುಕ್ರವಾರ ಬೆಳಿಗ್ಗೆ ನದಿಯ ಬಾಯಿ ಹೊಕ್ಕೆವು. ನೀರು ಕಾಫಿ ಬಣ್ಣ, ಅದರ ಮೇಲೆ ಅಂತರಗಂಗೆಯ ತೆಪ್ಪಗಳು ಹೂ ಬಿಟ್ಟುಕೊಂಡು ಕಡಲ ಕಡೆ ಹೊರಟಿದ್ದವು. ಕೋಟೆಯ ಗೋಡೆಯ ಮೇಲೆ ಒಂದು ಮೇಕೆ ನಿಂತು ನಮ್ಮನ್ನು ನೋಡುತ್ತಿತ್ತು, ಬೇರೆ ಯಾರೂ ಇರಲಿಲ್ಲ. ಪವಿತ್ರ ವಾರದಲ್ಲಿ ಇಡೀ ರಾಜಧಾನಿ ಬೀಗ ಹಾಕಿಕೊಂಡು ಕಡಲತೀರಗಳಿಗೆ ಓಡಿಹೋಗುತ್ತದಲ್ಲ. ಕಟ್ಟೆಯ ಕೋಣೆಯಲ್ಲಿದ್ದ ಅಧಿಕಾರಿ ಒಂದು ಕೈಯಲ್ಲಿ ಮೊಹರು, ಇನ್ನೊಂದರಲ್ಲಿ ಚಮಚ ಹಿಡಿದಿದ್ದ. ಮುಂದೆ ಸಿಹಿಕಾಳಿನ ಬೋಗುಣಿ. ಬಂದ ಉದ್ದೇಶವೇನೆಂದು ಕೇಳಿದ. ರಜೆ ಎಂದ ಮೊಂಚೊ. 'ಊರಿಗೂರೇ ಸಮುದ್ರಕ್ಕೆ ಹೋಗಿದೆ, ನೀವು ಸಮುದ್ರ ಬಿಟ್ಟು ಊರಿಗೆ ಬಂದಿದೀರಲ್ಲ ಸ್ವಾಮಿ! ಆಯ್ತು, ಊರು ನೋಡ್ಕೊಳಿ, ಎಲ್ಲಾ ನಿಮ್ಮದೇ' ಎಂದು ಮೊಹರು ಗುದ್ದಿದ. ಪಾಸ್‌ಪೋರ್ಟಿನ ಪುಟದಲ್ಲಿ ಈಗಲೂ ದಾಲ್ಚಿನ್ನಿಯ ವಾಸನೆಯಿದೆ. ಅವನ ಬೋಗುಣಿಯಿಂದಲೇ ನಿನಗೊಂದು ಡಬ್ಬಿ ಬೇಡಿ ತರಬಹುದಿತ್ತು. ಈ ವಾರ ಯಾವ ಬಾಗಿಲಲ್ಲಿ ನಿಂತರೂ ಇಲ್ಲಿ ಸಿಹಿಕಾಳು ಸಿಗುತ್ತದೆ. ಕೆಂಪು ಕಾಳು, ತೆಂಗಿನಹಾಲು, ಗೆಣಸು, ಲವಂಗ ಎಲ್ಲರದ್ದೂ ಅದೇ. ಆದರೆ ನಿನ್ನ ನಾಲಿಗೆ ಕೇಳಿದ್ದು ಶುಂಠಿ ಜಜ್ಜಿ ಹಾಕುವ ಮನೆಯದು. ಆ ಮನೆ ಒಂದೇ.

ನಮ್ಮ ಪಕ್ಕ ಕಟ್ಟಿದ್ದ ದೋಣಿ ಆಗತಾನೇ ಹೊರಡುತ್ತಿತ್ತು. ಅದರಲ್ಲಿ ವೆಂಡೆಲ್ ಎಂಬ ಕೆಂಪು ಮೂತಿಯ ಮುದುಕ, ಅಮೆರಿಕದವನು. ಹಗ್ಗ ಬಿಚ್ಚಿಕೊಟ್ಟೆ. ಇಂಗ್ಲಿಷಿನಲ್ಲಿ ಏನಾದರೂ ಒಳ್ಳೆಯ ಮಾತು ಹೇಳಿ ಕಳಿಸಬೇಕಲ್ಲ. ಯಶಸ್ಸಿಗೆ ನಾವು 'ಎಕ್ಸಿತೊ' ಎನ್ನುತ್ತೇವೆ. ಮಿಸ್ ಆಪಲ್‌ಗೇಟ್ ಬಾಲ ಕತ್ತರಿಸಿದರೆ ಎಷ್ಟೋ ಪದಗಳು ಇಂಗ್ಲಿಷಾಗುತ್ತವೆ ಎಂದಿದ್ದಳು. 'ಐ ವಿಶ್ ಯು ಮಚ್ ಎಕ್ಸಿಟ್!' ಎಂದು ಕೂಗಿದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಟೋಪಿ ಎತ್ತಿ, ನಗುತ್ತಾ ಹೊರಟುಹೋದ. ಆಮೇಲೆ ಇಲುಮಿನಾದಾ ಹೇಳಿದಳು, 'ಅಯ್ಯೋ ಮಾರಾಯ್ರೆ, ಸಿನಿಮಾ ಟಾಕೀಸಿನಲ್ಲಿ ಹೊರಗೆ ಹೋಗೋ ಬಾಗಿಲ ಮೇಲೆ ಕೆಂಪು ದೀಪದಲ್ಲಿ ಬರೆದಿರ್ತಾರಲ್ಲ, ಅದು ಎಕ್ಸಿಟ್. ಆ ಮನುಷ್ಯನಿಗೆ ತೊಲಗು ತೊಲಗು ಅಂದಿದೀರಿ.' ಇರಲಿ, ಅವನು ಹೇಗೂ ಹೊರಗೇ ಹೋಗುತ್ತಿದ್ದ.

ಬಿಳಿ ಅಂಗಿ ತೊಟ್ಟು, ಕೋಟೆಯ ಹಿಂದಿನ ಮೆಟ್ಟಿಲು ಹತ್ತಿ, ಇಗರ್ಜಿಯ ಹೊರಗೆ ಕೂತಿದ್ದ ಹೆಂಗಸಿನ ಹತ್ತಿರ ಬಿಳಿ ಹೂ ಕೊಂಡು ಸಾಂತಾ ಬಾರ್ಬರಾ ಕೇರಿಗೆ ಹೋದೆ. ಮನೆಯ ಬಣ್ಣ ಈಗ ಹಳದಿ. ಬಾಗಿಲ ಅರ್ಧ ಮಾತ್ರ ತೆರೆದಿತ್ತು, ಮೇಲಿನ ಅರ್ಧ. ಅದರ ಹಿಂದೆ ವಿಂದಕ್ಕ ನಿಂತಿದ್ದಳು, ಕೈಯಲ್ಲಿ ಮರದ ಸೌಟು. ನಮಸ್ಕಾರ ಮಾಡಿ, ಹೂ ಚಾಚಿ, ನಿಜಕ್ಕೂ ಲಕ್ಷಣವಾಗಿದೀರಿ ಅಕ್ಕಾ ಎಂದೆ. ಅವಳು ಹೂ ಮುಟ್ಟಲಿಲ್ಲ. 'ಓಹೋ, ದ್ವೀಪದ ದೊರೆಗಳು. ಶುಭ ಶುಕ್ರವಾರ ನೀರಿನ ಮೇಲೆ ಬಂದ್ಯಾ? ಇವತ್ತು ಕಡಲಿಗಿಳಿದೋರು ಮೀನಾಗ್ತಾರೆ ಅಂತ ನಿನ್ನ ಹೆಂಡ್ತಿ ಹೇಳಿಕೊಡ್ಲಿಲ್ವಾ? ಎಲ್ಲಿ, ಕುತ್ತಿಗೆ ತೋರ್ಸು, ಕಿವಿರು ಬಂದಿದ್ಯಾ ನೋಡ್ತೀನಿ' ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಬಾಗಿಲ ಕೆಳಗಿನ ಅರ್ಧ ತೆರೆಯಲೂ ಇಲ್ಲ. ಆಗ ಪಕ್ಕದ ಕಿಟಕಿಯಿಂದ ಚೆಪಾ ತಲೆ ಹಾಕಿ, ಬೀದಿಗೆಲ್ಲ ಕೇಳುವಂತೆ, 'ನಾನ್ ಆವತ್ತೇ ಫೋನಿನಲ್ಲಿ ಹೇಳಿದ್ನಲ್ಲಪ್ಪಾ, ವಿಂದಾ ಗ್ವಾಪಾ ಆಗಿದಾಳೆ, ನಿಮ್ಮ ಹೆಸ್ರು ಎತ್ತಿದ್ರೆ ಇನ್ನೂ ಗ್ವಾಪಾ ಆಗ್ತಾಳೆ ಅಂತ! ಗೊತ್ತಿದ್ದೂ ಹೂ ತಂದಿದಾನಲ್ಲ ಧೈರ್ಯವಂತ!' ಎಂದಳು. ಚಾಚಿದ್ದ ಹೂ ಹಿಂದಕ್ಕೆಳೆದುಕೊಂಡೆ. ನಮ್ಮ ಕಡೆ ಗ್ವಾಪಾ ಎಂದರೆ ಚೆಲುವೆ. ಇಲ್ಲಿ ಗ್ವಾಪಾ ಎಂದರೆ ಕೋಪದಲ್ಲಿ ಕೆಂಡವಾದವಳು. ನಿಮ್ಮಮ್ಮ ನನ್ನ ಮೇಲೆ ಎಷ್ಟು ಸಲ ಗ್ವಾಪಾ ಆಗಿದ್ದಳೆಂದರೆ, ಆ ಪದ ನನ್ನ ಕಿವಿಗೇ ಬಿದ್ದಿದ್ದರೆ ತಕ್ಷಣ ತಿಳಿಯುತ್ತಿತ್ತು. ಫೋನ್ ಹಿಡಿದಿದ್ದವನು ಮೊಂಚೊ. ಅವನು ಅದನ್ನು ಲಕ್ಷಣ ಮಾಡಿ ನನಗೆ ದಾಟಿಸಿದ. ಸಿಟ್ಟಿನಲ್ಲಿರುವ ಹೆಂಗಸಿನ ಮನೆಗೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೂ ಹಿಡಿದು ಹೋಗಿ ಚೆಲುವೆ ಎಂದುಬಿಟ್ಟಿದ್ದೆ.

ಯಾಕಕ್ಕಾ ಸಿಟ್ಟು, ನಾವೇನು ಮಾಡಿದೆವು ಎಂದು ನೇರವಾಗಿ ಕೇಳಿದೆ. ಅವಳು ಒಳಗೆ ಹೋಗಿ ಒಂದು ಬಟ್ಟಲು ತಂದು ಬಾಗಿಲ ಅಂಚಿನ ಮೇಲೆ ಇಟ್ಟಳು. ನಿನಗೆ ನೆನಪಿದೆಯಾ ಮಿಗ್ದಿ, ನೀಲಿ ಅಂಚಿನ, ಬಿಳಿ ಎನಾಮಲ್ಲಿನ, ಒಂದು ಕಡೆ ಚಕ್ಕೆ ಎದ್ದ ಬಟ್ಟಲು? ಅಮ್ಮ ಹೋದ ಮೇಲೆ ಬಂದ ಮೊದಲ ಪವಿತ್ರ ವಾರದಲ್ಲಿ ಇದೇ ದೊಡ್ಡ ಹಡಗಿನಲ್ಲಿ ಯಾರದೋ ಕೈಯಲ್ಲಿ ನಿನಗೆ ಸಿಹಿಕಾಳು ಬಂದಿತ್ತಲ್ಲ. ನೀನು ನನಗೂ ಅರ್ಧ ಕಳಿಸಿದ್ದೆ. ಆಮೇಲೆ ಬಟ್ಟಲನ್ನು ಫಳಫಳ ಉಜ್ಜಿ, ಬಟ್ಟೆಯಲ್ಲಿ ಸುತ್ತಿ, ಒಳಗೊಂದು ಅಂಗಡಿಯ ಥ್ಯಾಂಕ್ಸ್ ಕಾರ್ಡ್ ಇಟ್ಟು ವಾಪಸು ಕಳಿಸಿದೆಯಂತೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಮರ್ಯಾದೆ ಉಂಟೇ? ಆದರೆ ಈ ಕೇರಿಯಲ್ಲಿ ಪವಿತ್ರ ವಾರದ ಬಟ್ಟಲು ಬರಿದಾಗಿ ಹಿಂದಿರುಗುವುದಿಲ್ಲ. ಒಂದು ಮೊಟ್ಟೆಯಾದರೂ ಸರಿ, ಒಂದು ಹಿಡಿ ಸಕ್ಕರೆಯಾದರೂ ಸರಿ, ಒಳಗೆ ಏನಾದರೂ ಇರಬೇಕು. ತೊಳೆದು ಖಾಲಿ ಕಳಿಸಿದರೆ, ಇಲ್ಲಿಗೆ ಮುಗಿಯಿತು, ಇನ್ನು ನಿಮಗೂ ನಮಗೂ ಸಂಬಂಧವಿಲ್ಲ ಎಂದು ಅರ್ಥ. ವಿಂದಕ್ಕ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಚೆಪಾ ಕಿಟಕಿಯಿಂದ ಹೇಳಿದಳು. ವಿಂದಕ್ಕ ಇಷ್ಟೇ ಹೇಳಿದ್ದು: 'ನನ್ನ ತಂಗಿ ಹೋದ್ಲು. ಅವಳನ್ನ ನೋಡ್ಬೇಕು ಅಂತ ವೀಸಾ ಮಾಡಿಸಿದ್ದೆ, ಅಷ್ಟರಲ್ಲಿ ಹೋದ್ಲು. ಹೋಗ್ಲಿ, ಅವಳ ಮಗಳಾದ್ರೂ ಇದಾಳಲ್ಲ ಅಂತ ಕಾಳು ಮಾಡಿ ಕಳಿಸ್ದೆ. ಅವಳು ಅಂಗಡಿ ಕಾರ್ಡು ಕಳಿಸಿದ್ಲು. ಹೂವಿನ ಚಿತ್ರದ್ದು.'

ನೀನು ಇದನ್ನು ಓದಿ ಅಳಬೇಡ, ಎಡಮಗ್ಗುಲಲ್ಲಿ ಅತ್ತರೆ ಮೂಗು ಕಟ್ಟುತ್ತದೆ. ನಿನ್ನದೇನೂ ತಪ್ಪಿಲ್ಲ. ನಿನಗೆ ಯಾರು ಹೇಳಿದ್ದರು? ನಿಮ್ಮಮ್ಮ ಪ್ರತಿ ವರ್ಷ ಬಟ್ಟಲು ವಾಪಸು ಕಳಿಸುವ ಮುಂಚೆ ಅದರಲ್ಲಿ ಕೊಬ್ಬರಿ ಮಿಠಾಯಿ ತುಂಬುತ್ತಿದ್ದಳೇನೋ, ನೀನು ಶಾಲೆಯಲ್ಲಿರುತ್ತಿದ್ದೆ, ನಾನು ಹಾಯಿಗಳ ನಡುವೆ. ಕೆಲವು ವಿಷಯಗಳನ್ನು ಹೆಂಗಸರು ಕಲಿಸುವುದಿಲ್ಲ, ಸುಮ್ಮನೆ ಮಾಡುತ್ತಿರುತ್ತಾರೆ, ನೋಡಿಕೊಂಡವರು ಕಲಿಯುತ್ತಾರೆ. ನೀನು ಬಸುರಿ, ಹಾಸಿಗೆ ಹಿಡಿದಿದ್ದೀಯೆಂದು ವಿಂದಕ್ಕನಿಗೆ ಹೇಳಿದೆ. ಅವಳ ಸೌಟು ಒಂದು ಕ್ಷಣ ನಿಂತಿತು. ಆದರೆ ಬಾಗಿಲು ತೆರೆಯಲಿಲ್ಲ. ಆಗ ನನಗೆ ಏನು ಹೊಳೆಯಿತೋ, ಈ ಬಟ್ಟಲು ಒಂದು ದಿನದ ಮಟ್ಟಿಗೆ ಕೊಡಿ ಅಕ್ಕಾ ಎಂದೆ. 'ತೊಗೊಂಡ್ಹೋಗು. ನಂಗ್ಯಾಕೆ ಅದು' ಎಂದಳು. ಬಟ್ಟಲು ಕಂಕುಳಲ್ಲಿಟ್ಟುಕೊಂಡು, ಹೂ ಚೆಪಾಗೆ ಕೊಟ್ಟು ಬಂದೆ.

ಇವತ್ತು ಬೆಳಿಗ್ಗೆ ದೋಣಿಯಲ್ಲಿ ದೊಡ್ಡ ಸಮಾಲೋಚನೆ ನಡೆಯಿತು. ಮೊಂಚೊ ಕೇಕ್ ಕೊಂಡು ತುಂಬೋಣ ಎಂದ. 'ಅಂಗಡೀದೇ ತುಂಬೋ ಹಾಗಿದ್ರೆ ಇನ್ನೊಂದು ಕಾರ್ಡ್ ಇಟ್ಟುಬಿಡಿ, ಲಕ್ಷಣವಾಗಿರುತ್ತೆ!' ಎಂದು ಇಲುಮಿನಾದಾ ಅವನ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿ, 'ನೀವೇ ಕೈಯಾರೆ ಮಾಡ್ಬೇಕು. ನಾನು ಹೇಳ್ತೀನಿ, ಸೌಟು ಮುಟ್ಟಲ್ಲ' ಎಂದಳು. ಏನು ಮಾಡುವುದು? ಈ ಕಾಲದಲ್ಲಿ ನಮ್ಮ ಕಡೆ ಮಾಡುವುದು ಸಿಹಿಯನ್ನ. ಅಕ್ಕಿ, ತೆಂಗಿನಹಾಲು, ಒಣದ್ರಾಕ್ಷಿ, ಶುಂಠಿ. ತೆಂಗಿನಕಾಯಿ ಒಡೆದೆ, ತುರಿದೆ, ಬೆರಳನ್ನೂ ಸ್ವಲ್ಪ ತುರಿದೆ. ದೋಣಿಯ ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ, ಹಾದುಹೋಗುವ ಪ್ರತಿ ದೋಣಿಯ ಅಲೆಗೂ ಪಾತ್ರೆ ಒಮ್ಮೆ ಅತ್ತ, ಒಮ್ಮೆ ಇತ್ತ. ನಾನು ಕೈಯಾಡಿಸುತ್ತಿದ್ದರೆ ನಿಮ್ಮಮ್ಮ ಮಗ್ಗುಲಲ್ಲಿ ನಿಂತು ಉರಿ ಕಡಿಮೆ ಮಾಡಿ, ಉರಿ ಕಡಿಮೆ ಮಾಡಿ ಎನ್ನುತ್ತಿರುವಂತೆ ಅನ್ನಿಸಿತು. ಕೇಳಿಸಿಕೊಂಡೆ, ಕಡಿಮೆ ಮಾಡಲಿಲ್ಲ, ಬದುಕಿದ್ದಾಗಲೂ ಹಾಗೇ ಮಾಡುತ್ತಿದ್ದೆ. ಮೇಲೆ ಚೆನ್ನಾಗಿ ಬಂತು. ಕೆಳಗೆ ತಳ ಹಿಡಿದು ಕಂದು ಹಕ್ಕಳೆ ಕಟ್ಟಿತು. ಇನ್ನೊಂದು ಸಲ ಮಾಡಲು ತೆಂಗಿನಕಾಯಿ ಇರಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಹಕ್ಕಳೆ ಸಮೇತ ಬಟ್ಟಲಿಗೆ ಬಗ್ಗಿಸಿ, ಬಟ್ಟೆ ಕಟ್ಟಿ, ಮೆಟ್ಟಿಲು ಹತ್ತಿದೆ.

ವಿಂದಕ್ಕ ಬಟ್ಟೆ ಬಿಚ್ಚಿದಳು, ಮೂಸಿದಳು. 'ಸೀದಿದೆ' ಎಂದಳು. ಹೌದಕ್ಕಾ ಎಂದೆ. 'ಯಾರು ಮಾಡಿದ್ದು?' ನಾನೇ ಎಂದೆ. ನನ್ನ ತುರಿದ ಬೆರಳಿನ ಕಡೆ ನೋಡಿದಳು. ಒಳಗಿನಿಂದ ಚಮಚ ತಂದು, ಮೇಲಿನ ಅನ್ನ ಬದಿಗೆ ಸರಿಸಿ, ನೇರವಾಗಿ ತಳಕ್ಕೇ ಹಾಕಿದಳು. ಕರಕರ ಎಂದು ಹಕ್ಕಳೆ ಕೆರೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. 'ಕೊಂಕೊನ್‌ಗೆ ನಾನೂ ಅವಳೂ ಹೊಡೆದಾಡ್ತಿದ್ವಿ. ಅವಳು ಚಿಕ್ಕವಳು ಅಂತ ಅಮ್ಮ ಯಾವಾಗ್ಲೂ ಅವಳಿಗೇ ಕೊಡ್ತಿದ್ಲು. ನಾನು ಪಾತ್ರೆ ನೆಕ್ತಿದ್ದೆ' ಎಂದಳು. ತಳ ಹಿಡಿದದ್ದಕ್ಕೆ ಇಲ್ಲಿ ಕೊಂಕೊನ್ ಎನ್ನುತ್ತಾರೆ, ನಾವು ಪೆಗಾವ್ ಎನ್ನುತ್ತೇವೆ. ನಿಮ್ಮಮ್ಮ ನಮ್ಮೂರಿಗೆ ಬಂದ ಕೆಲವೇ ವರ್ಷಗಳಲ್ಲಿ ಪೆಗಾವ್ ಎನ್ನತೊಡಗಿದಳೆಂದು ವಿಂದಕ್ಕನಿಗೆ ಆಗಲೇ ಒಂದು ಅಸಮಾಧಾನವಿತ್ತಂತೆ. ನಾನು ಹೇಳಿದೆ, ಬೇರೆಲ್ಲಾ ಹೊತ್ತಿನಲ್ಲಿ ಪೆಗಾವ್ ಎನ್ನುತ್ತಿದ್ದಳು ಅಕ್ಕಾ, ಆದರೆ ತನ್ನ ಪಾಲಿಗೆ ಕೈ ಹಾಕಿದರೆ ಮಾತ್ರ 'ನನ್ನ ಕೊಂಕೊನ್ ಮುಟ್ಟಬೇಡಿ' ಎಂದು ನಿಮ್ಮ ಭಾಷೆಯಲ್ಲೇ ಬೈಯುತ್ತಿದ್ದಳು. ಅದಕ್ಕೆ ವಿಂದಕ್ಕ ನಕ್ಕಳು ಮಗಳೇ. ಬಾಯಿ ತುಂಬ ಹಕ್ಕಳೆ ಇಟ್ಟುಕೊಂಡು ನಕ್ಕಳು, ನಗು ಅರ್ಧದಲ್ಲಿ ಬೇರೇನೋ ಆಯಿತು, ಸೆರಗಿಲ್ಲದ್ದಕ್ಕೆ ತೋಳಿನಿಂದ ಮುಖ ಒರೆಸಿಕೊಂಡು, ಬಾಗಿಲ ಕೆಳಗಿನ ಅರ್ಧದ ಚಿಲಕ ತೆಗೆದಳು.

ಒಳಗೆ ಕೂರಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಹೊಟ್ಟೆ ದುಂಡಗಿದೆಯೋ ಚೂಪಾಗಿದೆಯೋ, ಬಾವು ಪಾದದಲ್ಲಿ ಮಾತ್ರವೋ ಕೈಯಲ್ಲೂ ಉಂಟೋ, ಎದೆಯುರಿ ಇದೆಯೋ, ಉಪ್ಪು ಯಾರು ಹಾಕುತ್ತಾರೆ. ನನಗೆ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದಕ್ಕೆ ಬೈಸಿಕೊಂಡೆ. 'ಅಪ್ಪ ಅಂತೆ ಅಪ್ಪ! ಹೊಟ್ಟೆ ಯಾವ ಕಡೆ ವಾಲಿದೆ ಅಂತಾನೂ ನೋಡಿಲ್ಲ. ಗಾಳಿ ಯಾವ ಕಡೆ ಅಂತ ಕೇಳಿದ್ರೆ ನಿದ್ದೇಲೂ ಹೇಳ್ತಾನೆ!' ಆಗ ಕೇಳಿಯೇಬಿಟ್ಟೆ. ನೀವು ಬರಬೇಕು ಅಕ್ಕಾ, ಅವಳಿಗೆ ತಾಯಿಯ ಕಡೆಯವರು ಬೇರೆ ಯಾರೂ ಇಲ್ಲ. ಅವಳು ಎದ್ದು ಒಲೆಯ ಮುಂದೆ ಹೋದಳು, ನನಗೆ ಬೆನ್ನು ಮಾಡಿ ದೊಡ್ಡ ಪಾತ್ರೆ ಕಲಕುತ್ತಾ ನಿಂತಳು. 'ನೋಡೋಣ' ಎಂದಳು. 'ಈಗ ಹೋಗು, ನಂಗೆ ಕೆಲಸ ಇದೆ.' ನೋಡೋಣ ಎಂದವರು ನೋಡಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ. ಆದರೂ ಮೆಟ್ಟಿಲಿಳಿದು ಬರುವಾಗ ಎದೆ ಹಗುರವಾಗಿತ್ತು. ಬಟ್ಟಲು ಖಾಲಿ ಹೋಗಲಿಲ್ಲ. ಇನ್ನು ಮೇಲೆ ಅವಳು ಫೋನು ಎತ್ತುತ್ತಾಳೆ, ಶುಂಠಿ ಯಾವಾಗ ಹಾಕಬೇಕೆಂದು ನೀನೇ ಕೇಳಿಕೊಳ್ಳಬಹುದು. ಬಾಣಂತನಕ್ಕೆ ಬೇರೆ ಯಾರನ್ನಾದರೂ ಹುಡುಕೋಣ. ಇಲುಮಿನಾದಾ ತಾನೇ ಬರುತ್ತೇನೆ ಎನ್ನುತ್ತಿದ್ದಾಳೆ, ಮೊಂಚೊನಿಂದ ದೂರವಿರಲು ಅದೂ ಒಂದು ನೆಪವಂತೆ.

ನಾವು ಸೋಮವಾರ ಹಗ್ಗ ಬಿಚ್ಚುತ್ತೇವೆ. ನನ್ನ ಬಗ್ಗೆ ಯೋಚಿಸಬೇಡ, ಸುಖವಾಗಿದ್ದೇನೆ. ನದಿಯ ಮೇಲೆ ಬಿಸಿಲು ಮೆತ್ತಗೆ ಬಿದ್ದಿದೆ, ಅಂತರಗಂಗೆ ಇನ್ನೂ ಸಾಲುಸಾಲಾಗಿ ಹೋಗುತ್ತಲೇ ಇದೆ, ಮೊಂಚೊ ಟೋಪಿಯಿಲ್ಲದ ತಲೆಗೆ ಕರವಸ್ತ್ರ ಕಟ್ಟಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ಎಫ್ರಾಯಿನ್‌ಗೆ ನನ್ನ ಪ್ರೀತಿ ತಿಳಿಸು, ನಿನ್ನ ಅತ್ತೆಗೆ ಅವರ ಡಬ್ಬದ ಕಾಳಿಗಾಗಿ ನನ್ನ ಗೌರವ ತಿಳಿಸು. ಹೊಟ್ಟೆಯಲ್ಲಿರುವ ಮಹಾಶಯರಿಗೆ ತಾತನ ಮಾತು ಹೇಳು: ಅವಸರ ಬೇಡ, ದಿನ ತುಂಬಲಿ. ತುಂಬಿದ ಮೇಲೆ, ಐ ವಿಶ್ ಯು ಮಚ್ ಎಕ್ಸಿಟ್. ಈ ಸಲ ನನ್ನ ಇಂಗ್ಲಿಷ್ ಸರಿಯಾಗಿಯೇ ಇದೆ, ಯಾರೂ ತಿದ್ದುವ ಹಾಗಿಲ್ಲ. ದೇವರೂ ನಿಮ್ಮಮ್ಮನೂ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ಪಪ್ಪಾ,
ಬಾಲ್ತಾಸಾರ್

ಮತ್ತೆ: ಅವಸರದಲ್ಲಿ ಬರೆಯುತ್ತಿದ್ದೇನೆ, ಹಡಗು ಒಂದು ಸಲ ಕೂಗಿ ಆಯಿತು. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಕಟ್ಟೆಯ ಮೇಲಿಂದ 'ಏ ಬಾಲ್ತಾಸಾರಾ, ಈ ಅಲ್ಲಾಡೋ ಹಲಗೆ ಮೇಲೆ ನಾನ್ ಕಾಲಿಡಲ್ಲ, ನೀನೇ ಇಳಿದು ಬಾ' ಎಂಬ ಸದ್ದು. ವಿಂದಕ್ಕ. ಇಗರ್ಜಿಗೆ ಹಾಕಿಕೊಳ್ಳುವ ಕಪ್ಪು ಬೂಟು, ಒಂದು ಪೆಟ್ಟಿಗೆ, ವೀಸಾ ಇರುವ ಪಾಸ್‌ಪೋರ್ಟು, ಬಟ್ಟೆಯಲ್ಲಿ ಕಟ್ಟಿದ, ಶುಂಠಿ ಘಮಘಮಿಸುವ ನೀಲಿ ಅಂಚಿನ ಬಟ್ಟಲು. ನಮ್ಮ ಯಾಟ್ ನೋಡಿ 'ಇದ್ರಲ್ಲಿ ಬಂದ್ರಾ? ಕಾಳು ನೆನೆಹಾಕೋಕೂ ಜಾಗ ಸಾಲಲ್ಲ' ಎಂದು ದೊಡ್ಡ ಹಡಗಿಗೇ ಟಿಕೆಟ್ ತೆಗೆಸಿದಳು. ಎಷ್ಟು ದಿನ ಇರ್ತೀರಿ ಅಕ್ಕಾ ಎಂದು ಕೇಳಿದೆ. 'ಮಗು ನನ್ನ ಗುರುತು ಹಿಡಿಯೋವರೆಗೂ' ಎಂದಳು. ಈ ಕಾಗದ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಎಫ್ರಾಯಿನ್ ಬಾಗಿಲು ತೆರೆಯಲಿ, ಎರಡೂ ಅರ್ಧ ತೆರೆಯಲಿ, ನೀನು ಏಳಬೇಡ. ಬಂದವಳು ಮೊದಲು ಬಟ್ಟಲು ಚಾಚುತ್ತಾಳೆ. ಥ್ಯಾಂಕ್ಸ್ ಹೇಳಬೇಡ ಮಿಗ್ದಿ. ಚಮಚ ಕೇಳು.